8 ಜಿಬಿ ಮಿತಿ ಅಂತ ಬರೆದಿರುವ ಲ್ಯಾಪ್‌ಟಾಪ್‌ಗೆ 16 ಜಿಬಿ ರ‍್ಯಾಮ್ ಹಾಕಬಹುದಾ?

ಹಾಕಬಹುದು. ನಿಮ್ಮದು ಐ5-7200ಯು ಪ್ರೊಸೆಸರ್, ಕಂಪನಿಯವರು ಗರಿಷ್ಠ 8 ಜಿಬಿ ಅಂತ ಬರೆದಿದ್ದಾರೆ ಅಂದಿದ್ದೀರಿ. ನನ್ನದೂ ಅದೇ ಪ್ರೊಸೆಸರ್, ಅದಕ್ಕೂ 8 ಅಂತಲೇ ಇತ್ತು. ಎರಡು ವರ್ಷದಿಂದ 16 ಜಿಬಿ ಹಾಕಿಕೊಂಡು ಓಡಿಸುತ್ತಿದ್ದೇನೆ. ತುಮಕೂರಿನಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವುದು ನನ್ನ ಕೆಲಸ. ಮದುವೆ ಸೀಸನ್ನಿನಲ್ಲಿ ಫೋಟೋಶಾಪ್, ಕೋರಲ್‌ಡ್ರಾ ಎರಡೂ ಒಟ್ಟಿಗೆ ತೆರೆದರೆ ಸಾಕು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ಈಗ ಆ ಕಾಟ ಇಲ್ಲ.

ಎಷ್ಟೋ ಸಲ ಕಂಪನಿ ಬರೆಯುವ ಮಿತಿ, ಆ ಮಾಡೆಲ್ ಬಂದಾಗ ಅವರು ಹಾಕಿ ನೋಡಿದ್ದು ಅಷ್ಟೇ. ನಿಜವಾದ ಮಿತಿ ಪ್ರೊಸೆಸರ್ ಒಳಗೆ ರ‍್ಯಾಮ್ ನೋಡಿಕೊಳ್ಳುವ ಭಾಗವಾದ ಮೆಮೊರಿ ಕಂಟ್ರೋಲರ್‌ದು. ನಮ್ಮ ಪ್ರೊಸೆಸರ್‌ಗೆ 32 ಜಿಬಿ ತನಕ ಆಗುತ್ತದೆ ಅಂತ ಇಂಟೆಲ್‌ನವರೇ ಹೇಳುತ್ತಾರೆ. ಆದರೂ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್) ತಕರಾರು ಮಾಡಬಹುದು. ಹಾಗಾಗಿ "ಆಗದಿದ್ದರೆ ವಾಪಸ್ ತಗೋತೀರಾ?" ಅಂತ ಅಂಗಡಿಯಲ್ಲಿ ಮೊದಲೇ ಕೇಳಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ರ‍್ಯಾಮ್ ಯಾವ ಜಾತಿಯದು ಅಂತ ಸರಿಯಾಗಿ ನೋಡಿ, ಇದು ತುಂಬಾ ಮುಖ್ಯ. 7200ಯು ಡಿಡಿಆರ್4 ಜತೆಗೂ ಬರುತ್ತದೆ, ಡಿಡಿಆರ್3ಎಲ್ ಜತೆಗೂ ಬರುತ್ತದೆ. ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿದರೆ ನಿಮ್ಮದರಲ್ಲಿ ಯಾವುದಿದೆ ಅಂತ ತೋರಿಸುತ್ತದೆ. ನನ್ನ ತಮ್ಮನ ನಾಲ್ಕನೇ ಜನರೇಷನ್ ಲ್ಯಾಪ್‌ಟಾಪ್‌ಗೆ ಗೊತ್ತಿಲ್ಲದೆ 1.5 ವೋಲ್ಟಿನ ಡಿಡಿಆರ್3 ತಂದಿದ್ದೆ. ಸ್ಕ್ರೀನೇ ಬರಲಿಲ್ಲ. 1.35 ವೋಲ್ಟಿನ ಡಿಡಿಆರ್3ಎಲ್ ಹಾಕಿದ ಮೇಲೆ ಬಂತು.

ವಾರಂಟಿ ಇದ್ದರೆ ಬಿಚ್ಚುವ ಮೊದಲು ಸರ್ವಿಸ್‌ನವರನ್ನು ಕೇಳಿ. ಬಿಚ್ಚಿದ ತಕ್ಷಣ ಬ್ಯಾಟರಿ ವೈರ್ ತೆಗೆಯಿರಿ. ರ‍್ಯಾಮನ್ನು ಓರೆಯಾಗಿ ಇಟ್ಟು, ಹೊಂಬಣ್ಣದ ಅಂಚು ಹೆಚ್ಚುಕಮ್ಮಿ ಪೂರ್ತಿ ಒಳಗೆ ಹೋಗುವ ತನಕ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡೂ ಕಡೆ ಕ್ಲಿಪ್ 'ಟಕ್' ಅನ್ನಬೇಕು. ನನಗೆ ಮೊದಲ ಸಲ ಒಂದೇ ಕಡೆ ಟಕ್ ಅಂದಿತ್ತು, ಸ್ಕ್ರೀನ್ ಕಪ್ಪಗೇ ಇತ್ತು. ತೆಗೆದು ಮತ್ತೆ ಕೂರಿಸಿದೆ. ಆಮೇಲೂ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಹಾಗಾಗುತ್ತದೆ, ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ಆನ್ ಆಯಿತು ಅಂತ ಸುಮ್ನೆ ಬಿಡಬೇಡಿ. ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಅನ್ನುವ, ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಓಡಿಸಿ, ಚಾರ್ಜರ್ ಹಾಕಿಯೇ ಇರಲಿ. ಬೆಳಗ್ಗೆ ಒಂದೇ ಒಂದು ಎರರ್ ಕಂಡರೂ ಅವತ್ತೇ ಅಂಗಡಿಗೆ ವಾಪಸ್ ಕೊಟ್ಟು ಬೇರೆ ತನ್ನಿ.