ಸ್ಕಾಟ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಸೆಲ್ಟಿಕ್‌ನ ‘ಲಿಸ್ಬನ್ ಲಯನ್ಸ್’ ಅಂದ್ರೆ ಯಾರು? ಅವರನ್ನು ಜನ ಇನ್ನೂ ಯಾಕೆ ನೆನೆಯುತ್ತಾರೆ?

1967ರ ಮೇ 25ರಂದು ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ಆಟಗಾರರು ಇವರು. ಬ್ರಿಟನ್‌ನ ಕ್ಲಬ್ಬೊಂದು ಆ ಕಪ್ ಗೆದ್ದದ್ದು ಅದೇ ಮೊದಲು.

ಆದರೆ ನೆನಪು ಉಳಿದಿರೋದು ಬರೀ ಕಪ್‌ನಿಂದ ಅಲ್ಲ. ಎಲ್ಲರೂ ಗ್ಲಾಸ್ಗೋದ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಈಗಿನ ದೊಡ್ಡ ಕ್ಲಬ್‌ಗಳಲ್ಲಿ ಇದನ್ನು ಊಹಿಸೋಕೂ ಆಗಲ್ಲ, ಅಲ್ವಾ?

ಗೋಲ್‌ಕೀಪರ್ ರೋನಿ ಸಿಂಪ್ಸನ್‌ಗೆ ಆಗಲೇ 36 ವರ್ಷ. ತಂಡದ ಕೆಲವರಿಗೆ ಕಟ್ಟಿಸಿದ ಹಲ್ಲು. ಅವನ್ನು ಸಿಂಪ್ಸನ್‌ನ ಟೋಪಿಯೊಳಗೆ ಹಾಕಿ ಗೋಲ್ ಬಲೆಯ ಹತ್ತಿರ ಇಟ್ಟಿದ್ದರು. ಗೆದ್ದಮೇಲೆ ಫೋಟೋದಲ್ಲಿ ಬೊಚ್ಚುಬಾಯಿ ಕಾಣಬಾರದು ನೋಡಿ!

ನನಗೆ ಜಾಸ್ತಿ ಇಷ್ಟವಾಗೋನು ಜಿಮ್ಮಿ ಜಾನ್‌ಸ್ಟನ್. ಗಿಡ್ಡ ಆಳು, ಕೆಂಚುಗೂದಲು, ಚೆಂಡು ಕಾಲಿಗೆ ಸಿಕ್ಕರೆ ಎದುರಾಳಿಗಳು ಸುಮ್ನೆ ಸುತ್ತಬೇಕು. ವಿಮಾನ ಅಂದ್ರೆ ಮಾತ್ರ ನಡುಕ. 1968ರಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ವಿರುದ್ಧ ತವರಿನ ಪಂದ್ಯ ಅರ್ಧ ಮುಗಿದಾಗ 1-1. ಮ್ಯಾನೇಜರ್ ಜಾಕ್ ಸ್ಟೀನ್ ಒಂದು ಆಸೆ ತೋರಿಸಿದರು: ನಾಲ್ಕು ಗೋಲು ಅಂತರದಲ್ಲಿ ಗೆದ್ದರೆ, ಅದೇ ತಂಡದ ವಿರುದ್ಧದ ಎರಡನೇ ಪಂದ್ಯಕ್ಕೆ ನೀನು ಬೆಲ್‌ಗ್ರೇಡ್‌ಗೆ ವಿಮಾನ ಹತ್ತೋದು ಬೇಡ. ಸೆಲ್ಟಿಕ್ 5-1ರಿಂದ ಗೆದ್ದಿತು. ಎರಡು ಗೋಲು ಜಾನ್‌ಸ್ಟನ್‌ದೇ!

ನಾಯಕ ಬಿಲ್ಲಿ ಮೆಕ್‌ನೀಲ್ ಕಪ್ ಎತ್ತಿ ಹಿಡಿದ ಭಂಗಿಯ ಪ್ರತಿಮೆ ಈಗ ಸೆಲ್ಟಿಕ್ ಮೈದಾನದ ಹೊರಗಿದೆ. ಜಾನ್‌ಸ್ಟನ್‌ದೂ ಅಲ್ಲೇ ಇದೆ.