ಹೊಗೆಸೊಪ್ಪು ಎಂದು ಕೇಳದಿದ್ದರೆ ಲೆಕ್ಕವೇ ತಪ್ಪುತ್ತದೆ

ಪ್ರಶ್ನೆ: ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜೊಂದರಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತೇನೆ. ತಂಬಾಕಿನ ಕೇಡು ಜಗತ್ತಿಗೇ ಗೊತ್ತಿರುವಾಗ ಇಲ್ಲಿ ಮತ್ತೆ ಸಂಶೋಧನೆಗೆ ದುಡ್ಡೇಕೆ ಎಂದು ಮೇಲಿನವರು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ನೀವು ಹೊಸದಾಗಿ ಸಾಬೀತು ಮಾಡಬೇಕಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಯಾರು, ಯಾವ ರೂಪದಲ್ಲಿ, ಎಷ್ಟು ಕೊಟ್ಟು ಕೊಳ್ಳುತ್ತಾರೆ ಎಂಬುದನ್ನು ಮಾತ್ರ ಬೇರೆ ಯಾರೂ ಬಂದು ಹೇಳಲಾರರು.

ಒಮ್ಮೆ ನನ್ನ ವಿದ್ಯಾರ್ಥಿನಿ ಹಳ್ಳಿಯ ಜಗಲಿಯಲ್ಲಿ ಕುಳಿತ ಅಜ್ಜಿಯನ್ನು, ‘ತಂಬಾಕು ಸೇವಿಸುತ್ತೀರಾ?’ ಎಂದು ಕೇಳಿದಳು. ‘ಅಯ್ಯೋ, ಇಲ್ಲವ್ವ.’ ಅಜ್ಜಿಯ ಮಡಿಲಲ್ಲೇ ಎಲೆಅಡಿಕೆ ಸಂಚಿ ಇತ್ತು. ‘ಹೊಗೆಸೊಪ್ಪು ಹಾಕುತ್ತೀರಾ?’ ಎಂದಾಗ, ‘ಅದಿಲ್ಲದೆ ಹೊತ್ತು ಹೋಗುತ್ತದೆಯೇ!’ ಎಂದರು. ಪರದೇಶದ ಪ್ರಶ್ನಾವಳಿಯನ್ನು ಅನುವಾದಿಸಿ ಒಯ್ದರೆ ಇಂಥ ಎಷ್ಟೋ ಅಜ್ಜಿಯರು ‘ಇಲ್ಲ’ ಎಂಬ ಕಾಲಂಗೆ ಸೇರಿಬಿಡುತ್ತಾರೆ. 2016–17ರ ವಯಸ್ಕರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಹೊಗೆರಹಿತ ತಂಬಾಕು ಬಳಸುವವರು ಶೇ 21.4, ಬೀಡಿ ಸೇದುವವರು ಶೇ 7.7, ಸಿಗರೇಟು ಸೇದುವವರು ಶೇ 4 ಮಾತ್ರ. ಸಿಗರೇಟನ್ನೇ ಮುಂದಿಟ್ಟುಕೊಂಡ ದೇಶಗಳ ಅಧ್ಯಯನ ನಮಗೆ ಹೇಗೆ ಸಾಕಾದೀತು?

ಕಾನೂನಿನ ಮಾತೂ ಹಾಗೆಯೇ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬೆರೆಸಿ ಮಾರುವಂತಿಲ್ಲವೆಂದು ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಗೂಡಂಗಡಿಯಲ್ಲಿ ಜೋಡಿಯಾಗಿ ತೂಗಾಡತೊಡಗಿದವು. ಅದನ್ನು ಕಂಡು ಬರೆದಿಡಲು ಅಂಗಡಿಯ ಮುಂದೆ ನಿಲ್ಲುವ ಕಣ್ಣು ಬೇಕು. ಹುಣಸೂರು, ಪಿರಿಯಾಪಟ್ಟಣದ ರೈತ ಹೊಗೆಸೊಪ್ಪು ಬಿಟ್ಟರೆ ಎಲೆ ಒಣಗಿಸಿ ಹದಮಾಡುವ ಮನೆಯಾದ ಬ್ಯಾರನ್‌ಗೆಂದು ಮಾಡಿದ ಸಾಲ ತೀರಿಸುವುದು ಹೇಗೆ, ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಬದಲಿ ದುಡಿಮೆ ಯಾವುದು? ಇವೂ ಸಂಶೋಧನೆಯ ಪ್ರಶ್ನೆಗಳೇ. ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 20ನೇ ವಿಧಿ ಸಂಶೋಧನೆ, ತರಬೇತಿಗಳನ್ನು ಸರ್ಕಾರಗಳ ಹೊಣೆಯಾಗಿಯೇ ಹೇಳುತ್ತದೆ. ಮೇಲಿನವರಿಗೆ ಅದನ್ನು ತೋರಿಸಿ.

ನನ್ನನ್ನು ಬಹಳ ನೋಯಿಸುವ ಸಂಗತಿ ಬೇರೆಯೇ ಇದೆ. ಎರಡು ವರ್ಷದ ಯೋಜನೆ ಮುಗಿದೊಡನೆ ಕಷ್ಟಪಟ್ಟು ಪಳಗಿಸಿದ ಹುಡುಗ ಹುಡುಗಿಯರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಮಾಹಿತಿ ಯಾರದೋ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಆದ್ದರಿಂದ ಉಪಕರಣಕ್ಕಿಂತ ಮೊದಲು ಒಬ್ಬ ಸಂಖ್ಯಾಶಾಸ್ತ್ರಜ್ಞರ ಕಾಯಂ ಹುದ್ದೆ ಕೇಳಿ. ತಂಬಾಕು ಕಂಪನಿಯ ಹಣ ಯಾವ ಹೆಸರಿನಲ್ಲಿ ಬಂದರೂ ಮುಟ್ಟಬೇಡಿ.

ಈ ತಿಂಗಳೇ ಶುರು ಮಾಡಬಹುದಾದ ಕೆಲಸವೊಂದಿದೆ. ಶಾಲೆ, ಕಾಲೇಜುಗಳಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ವಿದ್ಯಾರ್ಥಿಗಳು ನಿಮ್ಮ ಊರಿನ ಶಾಲೆಗಳ ಸುತ್ತ ಅಳತೆಪಟ್ಟಿ ಹಿಡಿದು ಅಂಗಡಿಗಳನ್ನು ಎಣಿಸಲಿ. ಪಟ್ಟಿಯನ್ನು ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಕೊಡಿ. ಆರು ತಿಂಗಳ ನಂತರ ಅದೇ ಬೀದಿಗಳಲ್ಲಿ ಮತ್ತೆ ಎಣಿಸಿ.