ಇಪ್ಪತ್ತು ವರ್ಷ ಉಳಿಯಬೇಕಾದ ಕಡತಗಳಿಗೆ ಯಾವ ಡ್ರೈವ್?

ಪ್ರಶ್ನೆ: ಮಕ್ಕಳ ಫೋಟೊಗಳು, ಮದುವೆಯ ವಿಡಿಯೊ, ಮನೆಪತ್ರಗಳ ಸ್ಕ್ಯಾನ್ ಪ್ರತಿಗಳು ಸೇರಿ ಸುಮಾರು 800 ಜಿಬಿಯಷ್ಟಿವೆ. ಕೆಲವು ಹಳೆಯ ಡಿವಿಡಿಗಳಲ್ಲಿವೆ, ಉಳಿದವು ಲ್ಯಾಪ್‌ಟಾಪಿನಲ್ಲಿವೆ. ಇವನ್ನು ಇಪ್ಪತ್ತು ವರ್ಷ ಕಾಪಾಡಲು ಎಸ್‌ಎಸ್‌ಡಿ ಕೊಳ್ಳಬಹುದೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ದಿನಬಳಕೆಗೆ ಉತ್ತಮ, ಬೀರುವಿನಲ್ಲಿಟ್ಟು ಮರೆಯುವುದಕ್ಕೆ ತಕ್ಕದ್ದಲ್ಲ. ಅದರಲ್ಲಿ ಮಾಹಿತಿ ಉಳಿಯುವುದು ಸೂಕ್ಷ್ಮ ಕೋಶಗಳು ಹಿಡಿದಿಟ್ಟುಕೊಂಡ ವಿದ್ಯುದಾವೇಶದ ರೂಪದಲ್ಲಿ. ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಬಿದ್ದಿದ್ದರೆ ಆ ಆವೇಶ ನಿಧಾನವಾಗಿ ಸೋರಿಹೋಗುತ್ತದೆ, ಶಾಖ ಹೆಚ್ಚಿದಷ್ಟೂ ಬೇಗ. ಮತ್ತೆ ಮತ್ತೆ ಬರೆದು ಆಯುಸ್ಸು ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿಯೊಂದು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆಂದು ಚಿಪ್ ಉದ್ಯಮದ ಮಾನಕ ಸಂಸ್ಥೆಯಾದ ಜೆಡೆಕ್‌ನ ಮಾನದಂಡ ಹೇಳುತ್ತದೆ. ಹೊಸದು ಇನ್ನೂ ಹೆಚ್ಚು ಕಾಲ ತಡೆಯುತ್ತದೆ ನಿಜ, ಆದರೂ ಇಪ್ಪತ್ತು ವರ್ಷಕ್ಕೆ ಅದನ್ನು ನೆಚ್ಚಲಾಗದು. ಪೆನ್‌ಡ್ರೈವ್‌ಗೂ ಇದೇ ಮಾತು.

ನನ್ನ ಸಲಹೆ, 2 ಟಿಬಿಯ ಎರಡು ಹಾರ್ಡ್‌ಡಿಸ್ಕ್‌ಗಳು, ಅದೂ ಬೇರೆ ಬೇರೆ ಕಂಪನಿಯವು. ಒಂದು ನಿಮ್ಮಲ್ಲಿರಲಿ, ಇನ್ನೊಂದು ಮೈಸೂರಿನಲ್ಲೋ ತುಮಕೂರಿನಲ್ಲೋ ನೆಂಟರ ಮನೆಯಲ್ಲಿರಲಿ. ಮಳೆಗಾಲದಲ್ಲಿ ನೆಲಮಹಡಿಗೆ ನೀರು ನುಗ್ಗಿದರೆ ಒಂದೇ ಬೀರುವಿನಲ್ಲಿದ್ದ ಎರಡೂ ಒಟ್ಟಿಗೇ ಹೋಗುತ್ತವೆ. ಮೊದಲ ಸಲ ನಕಲಿಸಿದಾಗಲೇ ಪ್ರತಿ ಕಡತದ ಚೆಕ್‌ಸಮ್ (ಕಡತದ ಒಳಗಿನ ಮಾಹಿತಿಯಿಂದ ತಂತ್ರಾಂಶ ಲೆಕ್ಕಹಾಕುವ ಗುರುತುಸಂಖ್ಯೆ) ಪಟ್ಟಿಯೊಂದನ್ನು ತಯಾರಿಸಿಟ್ಟು, ವರ್ಷಕ್ಕೊಮ್ಮೆ ಡಿಸ್ಕ್ ಜೋಡಿಸಿ ಹೋಲಿಸಿದರೆ, ಒಂದು ಬಿಟ್ ಕೆಟ್ಟಿದ್ದರೂ ತಿಳಿಯುತ್ತದೆ ಮತ್ತು ಇನ್ನೊಂದು ಪ್ರತಿಯಿಂದ ಅದನ್ನು ಸರಿಪಡಿಸಬಹುದು. ಕೆಲಸ ಮುಗಿದೊಡನೆ ಡಿಸ್ಕನ್ನು ಕಳಚಿಡಿ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕ್‌ಗೆ ವರ್ಗಾಯಿಸಲೇಬೇಕು, ಇದಕ್ಕೆ ಬೇಸರಪಟ್ಟು ಪ್ರಯೋಜನವಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಾಗಲಿ ಆನ್‌ಲೈನಿನಲ್ಲಾಗಲಿ, ಬಿಲ್ಲು ಮತ್ತು ವಾರಂಟಿ ಪಡೆದೇ ಕೊಳ್ಳಿ. ಕೆಲವೇ ನೂರು ರೂಪಾಯಿಗೆ ಮಾರುವ ‘2 ಟಿಬಿ ಪೆನ್‌ಡ್ರೈವ್’ ನಕಲಿಯೆಂದೇ ತಿಳಿಯಿರಿ. ಒಳಗಿನ ಚಿಪ್ ಬರೀ 32 ಜಿಬಿಯದ್ದಾಗಿದ್ದರೂ ಕಂಪ್ಯೂಟರಿಗೆ 2 ಟಿಬಿಯೆಂದು ತೋರುವಂತೆ ತಿದ್ದಿರುತ್ತಾರೆ; ಜಾಗ ತುಂಬಿದ ಮೇಲೆ ಬರೆದದ್ದು ಹಳೆಯದನ್ನು ಅಳಿಸಬಹುದು ಅಥವಾ ಎಲ್ಲಿಯೂ ದಾಖಲಾಗದೆ ಹೋಗಬಹುದು, ಪಟ್ಟಿಯಲ್ಲಿ ಮಾತ್ರ ಕಡತಗಳ ಹೆಸರುಗಳು ಅಚ್ಚುಕಟ್ಟಾಗಿ ಕಾಣುತ್ತಿರುತ್ತವೆ.

ಕ್ಲೌಡ್ ಮೂರನೆಯ ಪ್ರತಿಯಾಗಿ ಇರಬಹುದು. ಆದರೆ ಫೋನಿನಲ್ಲಿ ಅಳಿಸಿದ ಚಿತ್ರ ಸಿಂಕ್ ಆಗುವ ಖಾತೆಯಿಂದಲೂ ಅಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಆ ಡಿವಿಡಿಗಳನ್ನು ಈ ವಾರವೇ ಲ್ಯಾಪ್‌ಟಾಪಿಗೆ ನಕಲಿಸಿಕೊಳ್ಳಿ. ಮನೆಯಲ್ಲಿ ಬರೆಯುವ ಡಿವಿಡಿಗಳ ಬಣ್ಣದ ಪದರ ಬಿಸಿಲಿಗೂ ಶಾಖಕ್ಕೂ ಮಾಸುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದೂ ಅಪರೂಪವಾದ್ದರಿಂದ ಯುಎಸ್‌ಬಿಗೆ ಜೋಡಿಸುವ ಡ್ರೈವ್ ಒಂದನ್ನು ಕೊಳ್ಳಬೇಕಾದೀತು.